ಕೊಕ್ಕೆ ತೆಗೆಯುತ್ತಿದ್ದ ಮೇಷ್ಟ್ರು

ಚಿಂತಾಮಣಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆ ಕಾರ್ಡೇ ಆಗಲಿ, ಅಚ್ಚಿಗೆ ಹೋಗುವ ಮುಂಚೆ ಇಂಗ್ಲಿಷ್ ಮೇಷ್ಟ್ರ ಕಣ್ಣಿಗೆ ಬೀಳಬೇಕಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಇಂಗ್ಲಿಷ್ ಕಾರ್ಡಿನಲ್ಲಿ ಒಬ್ಬರಿಗಿಂತ ಹೆಚ್ಚು ಎಂ.ಎಲ್.ಎ., ಡಾಕ್ಟರು ಬಂದರೆ ಸಾಕು, ನಮ್ಮ ಜನ MLA's, Dr's ಎಂದು ಆ ಸಂಕ್ಷಿಪ್ತಾಕ್ಷರಕ್ಕೆ ಅಪಾಸ್ಟ್ರಫಿಯ ಕೊಕ್ಕೆ ಸಿಕ್ಕಿಸಿ ಎಸ್ ಸೇರಿಸಿರುತ್ತಿದ್ದರು. "ಕೊಕ್ಕೆ ಬೇಡ ಕಣಪ್ಪ, ಬರೀ ಎಸ್ ಸಾಕು," ಎನ್ನುತ್ತ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕುತ್ತಿದ್ದರು.

ಡಾಕ್ಟರ್ ಓದುತ್ತಿದ್ದ ಅವರ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡ ಮೇಲೆ ಆ ಮನೆಗೆ ಕಾರ್ಡು ಬರುವುದು ನಿಂತಿತು. ಸಾವಾದ ಮನೆಗೆ ವರ್ಷ ತುಂಬುವ ತನಕ ಶುಭಕಾರ್ಯದ ಕಾಗದ ಒಯ್ಯಬಾರದೆಂಬುದು ನಮ್ಮಲ್ಲಿ ರೂಢಿ. ಕೊಕ್ಕೆಗಳು ಹಾಗೇ ಅಚ್ಚಾಗಿ ಊರೆಲ್ಲ ಹಂಚಿಹೋದವು.

ಅಷ್ಟರಲ್ಲಿ ನಮ್ಮಕ್ಕನ ಮದುವೆ ಗೊತ್ತಾಯಿತು. ಹೆಣ್ಣೂ ಗಂಡೂ ಇಬ್ಬರೂ ಡಾಕ್ಟರು. ಅಮ್ಮ ಬೇಡವೆಂದರೂ ನಾನು ಕಾರ್ಡಿನ ಕರಡು ಹಿಡಿದು ಹೋದೆ. ಮೇಷ್ಟ್ರು ಒಳಗೆ ಕರೆಯಲಿಲ್ಲ. ತಾವೇ ಪೆನ್ನು ತಂದು, ಗೇಟು ದಾಟಿ, ಬೀದಿಯಲ್ಲಿ ನಿಂತು ಓದಿದರು. ಇಬ್ಬರಿಗೂ ಸೇರಿಸಿ ಬರೆದಿದ್ದ Dr's ಎಂಬುದರ ಮೇಲೆ ಪೆನ್ನು ನಿಂತುಬಿಟ್ಟಿತು. ಎಷ್ಟೋ ಹೊತ್ತಾದ ಮೇಲೆ ಕೊಕ್ಕೆಯನ್ನು ಹೊಡೆದರು. ಕಾಗದವನ್ನು ಮಡಿಚಿ ನನ್ನ ಕೈಗಿಟ್ಟರು.

"ಅಚ್ಚಾದ್ಮೇಲೆ ಮೊದಲ್ನೇ ಕಾರ್ಡು ನಿಮಗೇ ಕೊಡ್ತೀನಿ ಸಾರ್," ಎಂದೆ.

"ಬೇಡಪ್ಪ, ಅರಿಶಿನ ಹಚ್ಚಿರೋ ಕಾರ್ಡು ಈ ಮನೆಗೆ ತರಬೇಡ," ಎಂದರು. "ಮದುವೆ ದಿನ ಬೀದೀಲಿ ವಾಲಗ ಹೋಗುವಾಗ ನಾನು ಬಾಗಿಲು ಹಾಕ್ಕೊಂಡಿರ್ತೀನಿ. ಬೇಜಾರು ಮಾಡ್ಕೋಬೇಡ ಅಂತ ನಿಮ್ಮಕ್ಕಂಗೆ ಹೇಳು."