ಒಂದು ಕಲೆಯೂ ಇಲ್ಲದ ಫೋಟೋ

ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬೂದಿ, ಸೋಪಿನ ಪುಡಿ, ತೆಂಗಿನ ನಾರು ಎಲ್ಲ ಸೇರಿ ಸವೆಸಿ ಹೊಳೆಯ ಕಲ್ಲಿನ ಹಾಗೆ ನುಣುಪು ಮಾಡಿಬಿಟ್ಟಿದ್ದವು. ರೇಶನ್ ಅಂಗಡಿಯ ಮಷಿನ್ನಿನ ಮೇಲೆ ಎಷ್ಟು ಸಲ ಹೆಬ್ಬೆಟ್ಟು ಒತ್ತಿದರೂ ಅದು ಒಪ್ಪುತ್ತಿರಲಿಲ್ಲ.

“ನಿಮ್ಮ ಬೆರಳೇ ಬತ್ತಿಲ್ಲ ಅಮ್ಮ,” ಎಂದ ಒಮ್ಮೆ ಅಂಗಡಿಯವನು.

“ಬೆರಳಿಲ್ದೆ ನಿನ್ನ ಮನೆ ನೆಲ ಯಾರು ತೊಳ್ದದ್ದು? ಈ ಮಷಿನ್ನಾ?”

ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ಅಕ್ಕಿ ಕೊಡುವವರೆಗೆ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದಳು.

ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಯವಳು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ನಾನು ಮದುವೆಯಾಗಿ ಬಂದಾಗ ಅವಳ ಗಂಡ ಇನ್ನೂ ಇದ್ದ, ಮೀನಿನ ದೋಣಿಗೆ ಹೋಗುತ್ತಿದ್ದ. ಮುಂದಿನ ಮಳೆಗಾಲ ಅಳಿವೆಯಲ್ಲಿ, ಹೊಳೆ ಸಮುದ್ರಕ್ಕೆ ಸೇರುವ ಕಡೆ, ದೋಣಿ ಮಗುಚಿತು. ಹೆಣವೂ ಸಿಗಲಿಲ್ಲ. ಮಕ್ಕಳಿರಲಿಲ್ಲ. ಮೈದುನನ ಸಂಸಾರದ ಜೊತೆ ಅದೇ ಮನೆಯಲ್ಲಿ ಉಳಿದು, ಊರವರ ಮನೆ ತೊಳೆಯುವ ಕೆಲಸ ಹಿಡಿದಳು. ಮನೆಯಲ್ಲಿ ಮದುವೆಯಿದ್ದರೆ ಅದಕ್ಕೆ ಮೊದಲು ಕರೆಯುತ್ತಿದ್ದರು, ಸಾವಾದ ಮೇಲೂ ಕರೆಯುತ್ತಿದ್ದರು. ದುಬೈಯಿಂದ ಮನೆಯವರು ಬರುವ ಮುಂಚೆ ಮುಚ್ಚಿದ ಮನೆ ತೆಗೆದು ಒರೆಸಲು ಬಸ್ಸು ಹತ್ತಿ ಭಟ್ಕಳಕ್ಕೂ ಹೋಗುತ್ತಿದ್ದಳು.

ಅವಳ ಕೆಲಸ ನಿಧಾನ. ಯಾವುದನ್ನು ಹಚ್ಚುವುದಿದ್ದರೂ ಮೊದಲು ಯಾರಿಗೂ ಕಾಣದ ಬಾಗಿಲ ಹಿಂದೆ ಒಂದು ಚೂರು ಹಚ್ಚಿ, ನೆಲ ಕೆಡುತ್ತದೋ ಎಂದು ಎಲೆ ಅಡಿಕೆ ಜಗಿಯುತ್ತ ಕಾಯಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಗ್ಯಾಸ್ ಸಿಲಿಂಡರು ನಮ್ಮ ಅಡುಗೆಮನೆಯ ಕೆಂಪು ನೆಲದ ಮೇಲೆ ಎರಡು ಕಡೆ ತುಕ್ಕಿನ ಉಂಗುರ ಬಿಟ್ಟಿತ್ತು. ಒಂದರ ಮೇಲೆ ಪಾಯಖಾನೆಗೆ ಹಾಕುವ ಆಸಿಡ್ ಸುರಿದೆ. ತುಕ್ಕು ಹೋಯಿತು. ನೆಲದ ಕೆಂಪೂ ಹೋಯಿತು. ಅವಳು ಬಂದು ಬಗ್ಗಿ ನೋಡಿದಳು.

“ಇದು ಕಲೆ ಅಲ್ಲ ಮಾರಾಯ್ತಿ, ಸುಟ್ಟ ಗಾಯ. ಇನ್ನೆಂತ ಮಾಡೂದು? ಅದರ ಮೇಲೆ ಸಿಲಿಂಡರನ್ನೇ ಇಡು.”

ಇನ್ನೊಂದು ಉಂಗುರಕ್ಕೆ ಅವಳೇ ಕೊಬ್ಬರಿ ಎಣ್ಣೆ ಸವರಿ, ಮರುದಿನ ಜರಡಿ ಹಿಡಿದ ಬೂದಿ ಹಾಕಿ ಬಟ್ಟೆಯಿಂದ ಉಜ್ಜಿದಳು. ಪೂರ್ತಿ ಹೋಗಲಿಲ್ಲ, ನೆರಳಿನಷ್ಟು ಉಳಿಯಿತು. ಇನ್ನೂ ಸ್ವಲ್ಪ ತಿಕ್ಕು ಎಂದೆ.

“ಸಾಕು. ಇನ್ನು ತಿಕ್ಕಿದ್ರೆ ನೆಲವೇ ಎದ್ದು ಬತ್ತದೆ.”

ಎಲ್ಲಿ ಕೈ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಾಗಲು ಒಂದು ನೆಲ ಹಾಳಾಗಬೇಕಾಯಿತು.

ಅವಳ ಕೋಣೆಯಲ್ಲಿ ಗಂಡನ ಫೋಟೋ ಇತ್ತು. ಅವನದ್ದು ಎಂದು ಉಳಿದದ್ದು ಅದೊಂದೇ. ನಮ್ಮ ಕಡೆಯ ಮಳೆ ಗೋಡೆಯೊಳಗಿಂದಲೂ ಬರುತ್ತದೆ. ಫೋಟೋದ ಮೂಲೆಯಲ್ಲಿ ಬೂಸ್ಟು ಹಿಡಿಯಿತು. ಪ್ರತಿ ಮಳೆಗಾಲ ಒಂದಿಷ್ಟು ಮುಂದೆ ಬಂದು, ಭುಜ ತಿಂದು, ಕುತ್ತಿಗೆ ತಿಂದು, ಗಲ್ಲದ ಹತ್ತಿರ ಬಂತು. ಊರವರ ಕಲೆಯನ್ನೆಲ್ಲ ತೆಗೆದವಳು ಇದನ್ನು ಮಾತ್ರ ಮುಟ್ಟಲಿಲ್ಲ. ಒಣ ಬಟ್ಟೆಯಲ್ಲಿ ಮೇಲಿನ ಗಾಜು ಒರೆಸಿ ಇಡುತ್ತಿದ್ದಳು, ಅಷ್ಟೇ. ಚೌಕಟ್ಟು ಬಿಚ್ಚಿ ಒಂದು ಸಲ ನೋಡಬಾರದೇ ಎಂದು ಕೇಳಿದ್ದೆ.

“ಕಾಗದ ಗಾಜಿಗೆ ಹಿಡ್ಕಂಡದೆ. ಎಳೆದ್ರೆ ಮುಖ ಕಿತ್ತು ಬತ್ತದೆ. ಇದನ್ನ ಹಚ್ಚಿ ನೋಡೂಕೆ ಬಾಗಿಲ ಹಿಂದೆ ಇನ್ನೊಂದು ಇಲ್ಲ ತಂಗಿ.”

ಮೈದುನ ತೀರಿಕೊಂಡ ಮೇಲೆ ಮನೆ ಅವನ ಮಗನ ಕೈಗೆ ಬಂತು. ಒಳ್ಳೆಯ ಹುಡುಗ, ದೊಡ್ಡಮ್ಮನೆಂದರೆ ಜೀವ. ಅವಳು ಕುಮಟೆಗೆ ಕೆಲಸಕ್ಕೆ ಹೋದ ದಿನ ಅವನು ಫೋಟೋವನ್ನು ಗೋಡೆಯಿಂದ ಇಳಿಸಿ ಸ್ಟುಡಿಯೋಕ್ಕೆ ಒಯ್ದ. ಕಂಪ್ಯೂಟರಿನಲ್ಲಿ ಹೊಸದು ಮಾಡಿಸಿ ತಂದ. ಗೋಡೆಗೆ ಹಾಕಿ, ನನ್ನನ್ನೂ ಕರೆದು ನಿಲ್ಲಿಸಿಕೊಂಡು, ಅವಳು ಬರುವುದನ್ನು ಕಾದ.

“ನೋಡು ದೊಡ್ಡಮ್ಮ, ಒಂದು ಕಲೆ ಇಲ್ಲ.”

ನಿಜವಾಗಿಯೂ ಇರಲಿಲ್ಲ. ಬಿಳಿ ಮುಖ, ಕೆಂಪು ತುಟಿ, ಮೈಮೇಲೆ ಕೋಟು. ಜನ್ಮದಲ್ಲಿ ಕೋಟು ಕಂಡವನಲ್ಲ ಅವನು. ಅವಳು ಚೀಲವನ್ನೂ ಇಳಿಸದೆ ನೋಡಿದಳು.

“ಹಲ್ಲು ಎಲ್ಲಿ?”

“ಅದು ಸ್ವಲ್ಪ ಹೊರಗೆ ಬಂದಿತ್ತು. ಅವರೇ ಸರಿ ಮಾಡಿದ್ರು.”

“ಹಳೇದು ಎಲ್ಲಿ?”

“ಬಿಚ್ಚುವಾಗ ಹರೀತಂತೆ. ಬಿಸಾಡಿದ್ರು. ಇನ್ನೆಂತಕ್ಕೆ ದೊಡ್ಡಮ್ಮ ಅದು?”

ಅವಳು ಬೈಯಲಿಲ್ಲ. “ಆತು,” ಎಂದು ಕಾಲು ತೊಳೆಯಲು ಹೋದಳು. ಹುಡುಗನ ಮುಖ ಸಣ್ಣದಾಯಿತು. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯುವುದಾದರೂ ಹೇಗೆ?

ಆ ಮೇಲೆ ಅವಳು ಸಂಜೆ ನಮ್ಮ ಹಿತ್ತಲಿಗೆ ಬರತೊಡಗಿದಳು. ಬಂದದ್ದು ಯಾಕೆಂದು ಮೊದಲು ತಿಳಿಯಲಿಲ್ಲ.

“ತಂಗಿ, ನೀ ನೋಡಿದ್ಯಲ್ಲ. ಅವರ ಹಲ್ಲು ಹೇಂಗಿತ್ತು?”

“ನಿಂಗೆ ಗೊತ್ತಿಲ್ವ?”

“ಕಣ್ಣು ಮುಚ್ಚಿದ್ರೆ ಈಗ ಆ ಕೋಟಿನವನೇ ಬತ್ತ.”

“ಮುಂದಿತ್ತು. ಬಾಯಿ ಮುಚ್ಚಿದ್ರೂ ಎರಡು ಕಾಣ್ತಿತ್ತು. ಅದ್ರಲ್ಲಿ ಕೊಬ್ಬರಿ ತುರೀಬಹುದಿತ್ತು.”

ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. “ಹೌದು. ಹಾಂಗೇ ಇತ್ತು.” ಎದ್ದು ಹೋದಳು. ಕೆಲವು ದಿನ ಕಳೆದು ಮತ್ತೆ ಬಂದು ಅದನ್ನೇ ಕೇಳಿದಳು. ಹೀಗೇ ನಡೆಯಿತು. ಅವಳು ಹಾಸಿಗೆ ಹಿಡಿದ ಮೇಲೆ ನಾನೇ ಹೋಗಿ ಹೇಳಿ ಬರುತ್ತಿದ್ದೆ. ಕೊನೆಗೆ ಅವಳು ಕೇಳುವುದನ್ನೂ ಬಿಟ್ಟಳು. ನಾನು ಹೇಳುವುದನ್ನು ಬಿಡಲಿಲ್ಲ. ಹೋದ ಮಳೆಗಾಲ ತೀರಿಕೊಂಡಳು.

ಹನ್ನೆರಡನೆಯ ದಿನದ ಊಟಕ್ಕೆ ಹೋದಾಗ ಗೋಡೆಯ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ ದೊಡ್ಡ ಫೋಟೋ. ಅದೇ ಸ್ಟುಡಿಯೋದ್ದು. ಅವಳ ಮುಖದಲ್ಲಿ ಒಂದು ಸುಕ್ಕಿಲ್ಲ, ಎರಡು ಕೆನ್ನೆಯ ಮೇಲಿದ್ದ ಕಪ್ಪು ಬಂಗಿನ ಕಲೆಯೂ ಇಲ್ಲ.

“ಚಂದ ಬಂದದೆ ಅಲ್ದ ಚಿಕ್ಕಮ್ಮ?” ಎಂದ ಹುಡುಗ. ಅವನ ಕಣ್ಣು ತುಂಬಿತ್ತು.

“ಚಂದ ಇದೆ,” ಎಂದೆ. ಊಟ ಮಾಡಿ ಬಂದೆ.

ಅವರಿಬ್ಬರೂ ಜೊತೆಯಲ್ಲಿದ್ದಾಗ ನೋಡಿದವರಲ್ಲಿ ಉಳಿದವಳು ನಾನೊಬ್ಬಳು, ನಾನೂ ಬಹಳ ದಿನ ಇರುವವಳಲ್ಲ. ಅದಕ್ಕೇ ಇದನ್ನು ಬರೆದದ್ದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರದಲ್ಲಿ ತಪ್ಪಿರಬಹುದು. ಹಲ್ಲಿನ ವಿಷಯದಲ್ಲಿ ತಪ್ಪಿಲ್ಲ.