ನಾನು ಕಟ್ಟಿದ ಹಸಿರು ತಂತಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮಗಳ ಕೋಣೆಯಿಂದ ರಾಳ ಸುಟ್ಟ ವಾಸನೆ ಬಂತು. ಅವಳು ಎಂಜಿನಿಯರಿಂಗ್ ಎರಡನೇ ವರ್ಷದವಳು. ಹವ್ಯಾಸಕ್ಕೆಂದು ತಂತಿ, ಬಿಡಿಭಾಗಗಳಿಗೆ ಬೆಸುಗೆ ಹಾಕುವ ಒಂದು ಸೋಲ್ಡರಿಂಗ್ ಸ್ಟೇಷನ್ ತರಿಸಿಕೊಂಡಿದ್ದಳು. ಕೈಗೆಟುಕುವ ಬೆಲೆಯಲ್ಲಿ ಯಾವುದು ಒಳ್ಳೆಯದು ಎಂದು ಮೊದಲು ನನ್ನನ್ನೇ ಕೇಳಿದ್ದಳು. ನನಗೆ ಗೊತ್ತಿಲ್ಲ ಎಂದಿದ್ದೆ. ಈಗ ಆ ಹೊಗೆ, ಮೂಗಿನೊಳಗೆ ಹೋಗಿ ಅಲ್ಲೇ ಅಂಟಿಕೊಳ್ಳುವ ಆ ಹೊಗೆ… ಎದ್ದು ಹೋದವನೇ ಅವಳ ಪ್ಲಗ್ಗು ಕಿತ್ತುಬಿಟ್ಟೆ. "ಏನಾಯ್ತಪ್ಪಾ?" ಎಂದು ಗಾಬರಿಯಾಗಿ ಕೇಳಿದಳು. ಏನಿಲ್ಲ ಎಂದೆ.

ತೊಂಬತ್ತರ ದಶಕದ ಮಧ್ಯದ ವರ್ಷಗಳು. ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ರಜೆ ಬಂದರೆ ಊರಿಗೆ, ಅಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಗೆ ಬರುತ್ತಿದ್ದೆ. ಅಲ್ಲಿ ನಮ್ಮ ಮನೆಗೆ ನಾಲ್ಕು ಮನೆ ಆಚೆ ರೇಡಿಯೋ ರಿಪೇರಿ ಮಾಡುವವರೊಬ್ಬರಿದ್ದರು. ಊರಿಗೆಲ್ಲ ಅವರು ರೇಡಿಯೋ ಅಣ್ಣ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅಣ್ಣ ಹೈಸ್ಕೂಲು ಮುಗಿಸಿದವರಲ್ಲ. ಅಂಚೆಯಲ್ಲಿ ಪಾಠ ತರಿಸಿಕೊಂಡು, ಕೆಟ್ಟ ರೇಡಿಯೋಗಳನ್ನು ಇನ್ನಷ್ಟು ಕೆಡಿಸಿ ಕಲಿತವರು. ರಜೆಯಲ್ಲಿ ಅವರ ಬೆಂಚಿನ ಒಂದು ತುದಿ ನನ್ನದು. ಅಲ್ಲಿ ಕೂತು ಮಿಣುಕುವ ದೀಪ, ಕೂಗುವ ಗಂಟೆ ಎಂದು ಏನಾದರೂ ಮಾಡುತ್ತಿದ್ದೆ. ಅಂಗಡಿಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಅನ್ನ ಕೊಡುವ ಜಾಗ ಎಂದು ಅವರೂ ಬರಿಗಾಲಲ್ಲೇ ಕೂರುತ್ತಿದ್ದರು. ಸಿಮೆಂಟಿನ ನೆಲ, ಗಿಡ್ಡನೆಯ ಸ್ಟೂಲು. ಎಡ ಅಂಗೈಯಲ್ಲಿ ಸದಾ ಒಂದು ಒದ್ದೆ ಬಟ್ಟೆಯ ತುಂಡು. ಕಾದ ಸೋಲ್ಡರಿಂಗ್ ಐರನ್ನಿನ ಮೂತಿಯನ್ನು ಅದಕ್ಕೆ ಒರೆಸಿ, ಚುಂಯ್ ಎಂದ ಮೇಲೆ ಬೆಸುಗೆಗೆ ಇಳಿಯುತ್ತಿದ್ದರು. ಆ ಸದ್ದಿನಿಂದಲೇ ಎಷ್ಟು ಕಾದಿದೆ ಎಂದು ಅವರಿಗೆ ತಿಳಿಯುತ್ತಿತ್ತು.

ಆಗ ಊರಿಗೆ ಕಲರ್ ಟಿವಿಗಳು ಬಂದಿದ್ದವು, ಅವುಗಳ ಹಿಂದೆಯೇ ರಿಮೋಟುಗಳು. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪುಗಳು ತುಂಬ ಸೂಕ್ಷ್ಮ. ಅಣ್ಣನ ಹಳೆಯ ಐರನ್ನಿನ ಮೂತಿಯಿಂದ ಅಷ್ಟಿಷ್ಟು ಕರೆಂಟು ಸೋರುತ್ತಿತ್ತು. ಮನುಷ್ಯರಿಗೆ ಅದು ಜುಮ್ಮೆನ್ನುವಷ್ಟೇ, ಚಿಪ್ಪಿಗೆ ಸಾವು. ಎರಡು ರಿಮೋಟು ಅವರ ಕೈಯಲ್ಲೇ ಸತ್ತವು. "ರೇಡಿಯೋ ಅಣ್ಣಂಗೆ ರೇಡಿಯೋ ಮಾತ್ರ ಬತ್ತದೆ" ಎಂದು ಯಾರೋ ಅಂದದ್ದು ಅವರಿಗೆ ನಾಟಿತು. ಒಂದು ಒಳ್ಳೆ ಸ್ಟೇಷನ್ ಕೊಳ್ಳೋಣ ಎಂದರು. "ನೀನು ಓದಿದೋನು ಕಣ್ಲಾ, ನೀನೇ ಆರಿಸ್ಬೇಕು" ಎಂದು ನನ್ನನ್ನು ಕರೆದುಕೊಂಡು ಮೈಸೂರು ಬಸ್ಸು ಹತ್ತಿದರು. ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಬರುವವರೆಗೂ ನಾನು ಅವರಿಗೆ ಪಾಠ ಹೇಳಿದೆ. ಮೂತಿಯನ್ನು ಅರ್ಥ್ ಮಾಡಿರಬೇಕು, ಆಗ ಸೋರಿದ ಕರೆಂಟು ನೆಲಕ್ಕೆ ಇಳಿಯುತ್ತದೆ, ಚಿಪ್ಪು ಬದುಕುತ್ತದೆ… ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು.

ಅಂಗಡಿಯವನು ಎರಡು ಸ್ಟೇಷನ್ ಮುಂದಿಟ್ಟ. ಒಂದು ಭಾರದ್ದು, ಕೊಂಚ ದುಬಾರಿ. ಒಳಗೆ ಟ್ರಾನ್ಸ್‌ಫಾರ್ಮರ್ ಇತ್ತು. ಮನೆಯ ಕರೆಂಟಿಗೂ ಐರನ್ನಿಗೂ ನೇರ ಸಂಬಂಧವಿಲ್ಲದಂತೆ ಅದು ಬೇರ್ಪಡಿಸುತ್ತಿತ್ತು. ಎರಡೇ ಪಿನ್ನು, ಅರ್ಥಿನ ಗೊಡವೆ ಇಲ್ಲ. ಇನ್ನೊಂದು ಹಗುರ, ಅಗ್ಗ. ಕಾವು ಹೆಚ್ಚು ಕಡಿಮೆ ಮಾಡಲು ಒಂದು ತಿರುಪು, ಮೂರು ಪಿನ್ನಿನ ಪ್ಲಗ್ಗು, ಮೂತಿಗೆ ಅರ್ಥಿನ ತಂತಿ. ಅಣ್ಣ ಭಾರದ್ದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದರು. "ತೂಕ ನೋಡ್ಲಾ. ಒಳಗೆ ತಾಮ್ರ ಅದೆ. ಇದು ಮೋಸ ಮಾಡಕಿಲ್ಲ."

"ಅಣ್ಣ, ಎಮ್ಮೆ ಕೊಳ್ಳಾಕೆ ಬಂದಿದ್ದೀವಾ ತೂಕ ನೋಡಾಕೆ?" ಎಂದೆ. ಅಂಗಡಿಯವನು ನಕ್ಕ. ಅಲ್ಲಿದ್ದ ಇನ್ನಿಬ್ಬರೂ ನಕ್ಕರು. ಅಣ್ಣನೂ ನಕ್ಕು, ಅದನ್ನು ಮೆಲ್ಲಗೆ ಕೆಳಗಿಟ್ಟರು. ಹಗುರವಾದದ್ದನ್ನು ಕಟ್ಟಿಸಿಕೊಂಡು ಬಂದೆವು. ಅವರ ಕೈಗೆ ತಿಳಿದದ್ದು ನನ್ನ ಪುಸ್ತಕಕ್ಕೆ ತಿಳಿದಿರಲಿಲ್ಲ ಎಂದು ಈಗ ಹೇಳಬಹುದು. ಆಗ ನಾನು ಗೆದ್ದಿದ್ದೆ.

ಅಣ್ಣನ ಅಂಗಡಿಯಲ್ಲಿ ಇದ್ದವೆಲ್ಲ ಎರಡು ತೂತಿನ ಸಾಕೆಟ್ಟು. ಮೂರನೆಯದಕ್ಕೆ ಅರ್ಥ್ ಬೇಕು. ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಂಬಿ ಹೂಳಬೇಕು. ಅಣ್ಣ ಒಂದು ಚೀಲ ಇದ್ದಿಲು ತಂದಿಟ್ಟರು, ಅತ್ತಿಗೆ ಮನೆಯಿಂದ ಕಲ್ಲುಪ್ಪು ಕೊಟ್ಟರು. ಮಾರನೆಯ ದಿನ ಅಣ್ಣನಿಗೆ ಕೆ.ಆರ್. ಪೇಟೆಯಲ್ಲಿ ಕೆಲಸವಿತ್ತು. "ಗುಂಡಿ ತೋಡಿ ಮಡಗಿರು" ಎಂದು ಹಾರೆ ಕೊಟ್ಟು ಹೋದರು. ಏಪ್ರಿಲ್ ತಿಂಗಳು. ಹಾರೆ ಎತ್ತಿ ಹಾಕಿದರೆ ನೆಲ ಠಣ್ ಎನ್ನುತ್ತಿತ್ತು. ಒಂದು ಗೇಣು ತೋಡುವಷ್ಟರಲ್ಲಿ ಅಂಗೈ ಬೊಬ್ಬೆ ಬಂತು. ನೋಡಿದರೆ ಅಂಗಡಿಯ ಹಿಂದಿನ ಕಿಟಕಿಯ ಕೆಳಗೆ ಆಗಲೇ ಒಂದು ಕಂಬಿ ಹೂತಿತ್ತು, ಅದಕ್ಕೊಂದು ತಂತಿಯೂ ಇತ್ತು. ಅರ್ಥ್ ಅಂದರೆ ಅರ್ಥೇ ಅಲ್ಲವೆ ಎಂದುಕೊಂಡೆ. ಐರನ್ನಿನ ಮೂತಿಗೆ ಸೇರುವ ಹಸಿರು ಅರ್ಥ್ ತಂತಿಯನ್ನು ಅದರ ಬುಡಕ್ಕೆ ಬಿಗಿದು, ಮೇಲೆ ಮಣ್ಣು ಎಳೆದೆ.

ಆ ಕಂಬಿ ಯಾಕಿತ್ತು ಎಂದು ಹೇಳಬೇಕು. ಕರೆಂಟಿಗೆ ಬರಲು ಒಂದು ತಂತಿ, ವಾಪಸ್ಸು ಹೋಗಲು ಒಂದು ತಂತಿ ಬೇಕು. ಬೇಸಿಗೆಯಲ್ಲಿ ಕಬ್ಬಿನ ಗದ್ದೆಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಊರಿನ ವೋಲ್ಟೇಜು ಬಿದ್ದುಹೋಗುತ್ತಿತ್ತು, ಬಲ್ಬು ಕೆಂಪಗಾಗುತ್ತಿತ್ತು. ಆಗ ನಮ್ಮ ಕಡೆಯ ಜನ ವಾಪಸ್ಸಿನ ತಂತಿಯನ್ನು ಬಿಟ್ಟು, ನೆಲಕ್ಕೆ ಹೊಡೆದ ಕಂಬಿಗೆ ಜೋಡಿಸಿ, ಬುಡಕ್ಕೆ ನೀರು ಹಾಕುತ್ತಿದ್ದರು. ನೆಲವೇ ಎರಡನೆಯ ತಂತಿ. ದೀಪ ಸ್ವಲ್ಪ ಬೆಳ್ಳಗಾಗುತ್ತಿತ್ತು. ಅಣ್ಣ ಅದಕ್ಕೆಂದೇ ಗೋಡೆಯಲ್ಲಿ ಒಂದು ಸ್ವಿಚ್ಚು ಮಾಡಿಕೊಂಡಿದ್ದರು. ಮೇಲಕ್ಕೆ ಹಾಕಿದರೆ ವಾಪಸ್ಸಿನ ತಂತಿ, ಕೆಳಕ್ಕೆ ಹಾಕಿದರೆ ನೆಲ. ಕಿಟಕಿಯಿಂದ ಒಂದು ಚೊಂಬು ನೀರು ಸುರಿದು ಕೆಳಕ್ಕೆ ಹಾಕುತ್ತಿದ್ದರು. ನೆಲ ಒಣಗಿದ್ದರೆ ಕರೆಂಟು ಇಳಿಯುವುದಿಲ್ಲ, ಕಂಬಿಯಲ್ಲೇ ನಿಲ್ಲುತ್ತದೆ. ಆ ಕಂಬಿಗೆ ಏನು ಕಟ್ಟಿದರೂ ಅದಕ್ಕೆ ಹತ್ತುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಕೊಟ್ಟಿಗೆಯ ಬಲ್ಬು ಹಾಗೇ ಉರಿಯುತ್ತಿತ್ತು. ದನ ಆ ಕಂಬಿಯ ಹತ್ತಿರ ಹೋಗದಂತೆ ಅಪ್ಪ ಮುಳ್ಳು ಹಾಕಿದ್ದರು. ಅದನ್ನು ದಿನಾ ನೋಡುತ್ತಿದ್ದವನು ನಾನು…

ಸಂಜೆ ಅಣ್ಣ ಬಂದು ಕೇಳಿದರು. "ತೋಡ್ದೇನ್ಲಾ?"

"ಊಂ, ಆಯ್ತು ಬುಡಣ್ಣ" ಎಂದೆ.

ಅವರು ಹಿಂದಕ್ಕೆ ಹೋಗಿ ನೋಡಲಿಲ್ಲ. ನಾನು ಹೇಳಿದ ಮೇಲೆ ನೋಡುವುದೇನು ಎನ್ನುವ ಮನುಷ್ಯ.

ಎರಡು ದಿನ ಕರೆಂಟು ಚೆನ್ನಾಗಿತ್ತು, ಸ್ವಿಚ್ಚು ಮೇಲೇ ಇತ್ತು. ಮೊದಲ ರಿಮೋಟು ಬದುಕಿತು. ಅಣ್ಣ ಬಂದವರಿಗೆಲ್ಲ ಸ್ಟೇಷನ್ ತೋರಿಸಿ, "ನಮ್ಮುಡುಗ ಆರಿಸ್ದ" ಎಂದರು. ಮೂತಿ ಒರೆಸಲು ಅದರ ಜೊತೆ ಬಂದಿದ್ದ ಸ್ಪಂಜನ್ನು ಮಾತ್ರ ಮುಟ್ಟಲಿಲ್ಲ. "ಇದು ಮಾತಾಡಕಿಲ್ಲ ಕಣ್ಲಾ" ಎಂದು ಹಳೆಯ ಬಟ್ಟೆಯನ್ನೇ ಹಿಡಿದರು.

ಮೂರನೆಯ ದಿನ ಮಧ್ಯಾಹ್ನ. ಒಬ್ಬ ಮುದುಕರು ಟ್ರಾನ್ಸಿಸ್ಟರು ತಂದು ಬಾಗಿಲಲ್ಲಿ ಕುಳಿತಿದ್ದರು. ಗಾಡಿ ಹೊರಗೆ ನಿಲ್ಲಿಸಿ, ಬಾರುಕೋಲನ್ನು ಕೈಯಲ್ಲೇ ಇಟ್ಟುಕೊಂಡಿದ್ದರು. ಫ್ಯಾನು ನಿಧಾನವಾಯಿತು. "ಬಿತ್ತು ನೋಡು ವೋಲ್ಟೇಜು" ಎಂದ ಅಣ್ಣ ಎದ್ದು, ಕೊಡದ ತಳದಲ್ಲಿದ್ದ ಅರ್ಧ ಚೊಂಬು ನೀರನ್ನು ಕಿಟಕಿಯಿಂದ ಸುರಿದು, ಸ್ವಿಚ್ಚು ಕೆಳಕ್ಕೆ ಎಳೆದರು. ನೆಲ ಬಿರುಕು ಬಿಟ್ಟಿತ್ತು. ನೀರು ಬಿರುಕಿನೊಳಗೆ ಎಲ್ಲಿಗೆ ಹೋಯಿತೋ. ನಾನು ನೋಡುತ್ತಿದ್ದೆ. ನೋಡುತ್ತಲೇ ಇದ್ದೆ. ಅವರು ಬಂದು ಕೂತರು, ಬಟ್ಟೆ ಒದ್ದೆ ಮಾಡಿ ಅಂಗೈಗೆ ತೆಗೆದುಕೊಂಡರು, ಐರನ್ನಿನ ಮೂತಿಯನ್ನು ಅದರ ಮೇಲೆ ಇಟ್ಟರು.

ಚುಂಯ್ ಎಂದದ್ದು ನಿಲ್ಲಲಿಲ್ಲ. ಅಂಗೈ ಮುಚ್ಚಿಕೊಂಡಿತು. ಬಿಡಿಸಿಕೊಳ್ಳಲು ಆಗದೆ, ಕೂಗಲೂ ಆಗದೆ, ಹಲ್ಲು ಕಚ್ಚಿ ಅವರ ಮೈಯೆಲ್ಲ ಸಣ್ಣಗೆ ಅದುರುತ್ತಿತ್ತು. ಬಟ್ಟೆಯ ಹೊಗೆ, ಆಮೇಲೆ ಬಟ್ಟೆಯದಲ್ಲದ ಹೊಗೆ. ಕಣ್ಣು ಮಾತ್ರ ನನ್ನ ಕಡೆ ಇತ್ತು. ಮೇನ್ ಸ್ವಿಚ್ಚು ನನ್ನ ಬಲಗೈಗೆ ಒಂದು ಮೊಳ ದೂರದಲ್ಲಿತ್ತು. ಶಾಕ್ ಹೊಡೆದಾಗ ಮೊದಲು ಮಾಡಬೇಕಾದದ್ದು ಏನು ಎಂದು ಪರೀಕ್ಷೆಯಲ್ಲಿ ಬರೆದವನು ನಾನು. ಕೈ ಏಳಲಿಲ್ಲ. ಎಷ್ಟು ಹೊತ್ತು? ಮೂರು ಕ್ಷಣವೋ, ಐದೋ. ಈಗಲೂ ಎಣಿಸುತ್ತಿರುತ್ತೇನೆ. ಒಂದೊಂದು ಸಲ ಒಂದೊಂದು ಲೆಕ್ಕ ಬರುತ್ತದೆ.

"ಏನ್ಲಾ ನೋಡ್ತಾ ನಿಂತಿದ್ದೀಯೆ, ಬೇವರ್ಸಿ!" ಎಂದ ಮುದುಕರು ನನ್ನನ್ನು ತಳ್ಳಿ, ಬಾರುಕೋಲು ಬೀಸಿ ಅಣ್ಣನ ಮಣಿಕಟ್ಟಿಗೆ ಹೊಡೆದರು. ಎರಡನೆಯ ಏಟಿಗೆ ಐರನ್ ಹಾರಿತು. ಅಣ್ಣ ಸ್ಟೂಲಿನಿಂದ ಪಕ್ಕಕ್ಕೆ ಬಿದ್ದರು.

ಜನ ಸೇರಿದರು. ಟೆಂಪೋದಲ್ಲಿ ಮಲಗಿಸಿಕೊಂಡು ಕೆ.ಆರ್. ಪೇಟೆ ಆಸ್ಪತ್ರೆಗೆ ಹೊರಟರು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಹತ್ತಿದರು. "ನೀನೂ ಬಾಪ್ಪಾ" ಎಂದರು. ಅಂಗಡಿ ಮುಚ್ಚಿ ಬರುತ್ತೇನೆ ಎಂದೆ. ಟೆಂಪೋ ತಿರುವು ದಾಟಿದ ಮೇಲೆ ಮೇನ್ ಆರಿಸಿ, ಹಿಂದಕ್ಕೆ ಹೋಗಿ, ಮಣ್ಣು ಕೆದರಿ, ಹಸಿರು ತಂತಿಯನ್ನು ಬಿಚ್ಚಿದೆ. ಆಗ ಕೈ ಬಹಳ ಚುರುಕಾಗಿತ್ತು. ಒಂದು ಗೇಣಿನ ಗುಂಡಿ ಮುಚ್ಚಿದೆ. ಇದ್ದಿಲು ಉಪ್ಪಿನ ಚೀಲವನ್ನು ನಮ್ಮ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆ. ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದೆ. "ಒದ್ದೆ ಬಟ್ಟೆ ಹಿಡ್ಕಂಡಿದ್ರು." ಅದು ಸುಳ್ಳೂ ಅಲ್ಲವಲ್ಲ…

ಊರಿಗೆ ಅಷ್ಟು ಸಾಕಾಯಿತು.

ಅಣ್ಣ ಬದುಕಿದರು. ಎಡ ಅಂಗೈ ಸುಟ್ಟು, ಎರಡು ಬೆರಳು ಮಡಿಚಿಕೊಂಡೇ ಉಳಿದವು. ನಾನು ಆಸ್ಪತ್ರೆಗೆ ಹೋದಾಗ ನೋವಿನ ಮಾತು ಆಡಲಿಲ್ಲ. ಅವರಿಗೆ ಒಂದೇ ಪ್ರಶ್ನೆ. "ಇಪ್ಪತ್ತು ವರ್ಸದಿಂದ ಇದೇ ಬಟ್ಟೆ, ಇದೇ ಕೈ. ಅವತ್ತೇ ಯಾಕ್ಲಾ ಇಡೀತು? ನೀನು ಓದಿದ್ದೀಯೆ, ಕಾರಣ ಏಳು. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ದೆ ನಾನು ಮತ್ತೆ ಬೆಂಚಿಗೆ ಎಂಗ್ ಕೂರ್ಲಿ?"

ಹಾಸಿಗೆಯ ಕಬ್ಬಿಣದ ಕಂಬಿ ನೋಡುತ್ತ ಹೇಳಿದೆ. "ಒದ್ದೆ ಬಟ್ಟೆ ಅಣ್ಣ. ಅಪಾಯ ಅಂತ ಪುಸ್ತಕದಲ್ಲೂ ಅದೆ."

"ಅಂಗಾದ್ರೆ ನಂದೇ ತಪ್ಪು" ಎಂದರು. ಒಪ್ಪಿಕೊಂಡು ಆ ಕಡೆ ಮಗ್ಗುಲಾದರು.

ಆಮೇಲೆ ಬೆಂಚಿಗೆ ಕೂರಲಿಲ್ಲ. ಬೆರಳು ಮಡಿಚಿದ್ದಕ್ಕಲ್ಲ. ಅವರ ಬಲಗೈ ಸರಿಯಾಗೇ ಇತ್ತು. ಕಾದ ಐರನ್ ಕಂಡರೆ ಬೆವರುತ್ತಿದ್ದರಂತೆ. ಆ ವರ್ಷವೇ ಅಂಗಡಿ ಮುಚ್ಚಿ, ಅತ್ತಿಗೆಯ ತವರಾದ ಗಂಜಾಂಗೆ ಹೋಗಿ, ನಿಮಿಷಾಂಬ ದೇವಸ್ಥಾನದ ದಾರಿಯಲ್ಲಿ ಹೂವು ಹಣ್ಣಿನ ಅಂಗಡಿ ಇಟ್ಟುಕೊಂಡರು. ನಾನು ಪದವಿ ಮುಗಿಸಿ ಮೈಸೂರಿನಲ್ಲೇ ನೌಕರಿ ಹಿಡಿದೆ. ಗಂಜಾಂ ಅಲ್ಲಿಂದ ಅರ್ಧ ಗಂಟೆಯ ದಾರಿ. ಒಮ್ಮೆಯೂ ಹೋಗಲಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು. ಆಗಲೂ ಹೋಗಲಿಲ್ಲ.

ಮಗಳ ಪ್ಲಗ್ಗು ಕಿತ್ತ ಆ ಭಾನುವಾರ ಗಂಜಾಂ ಬಸ್ಸು ಹತ್ತಿದೆ. ಅತ್ತಿಗೆ ಅಂಗಡಿಯಲ್ಲಿ ಕೂತು ಹೂವು ಕಟ್ಟುತ್ತಿದ್ದರು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. "ಓ, ನೀನಾ! ಬಾ, ಕುಂತ್ಕಾ" ಎಂದು ಸ್ಟೂಲು ಒರೆಸಿ ಕೊಟ್ಟರು. ಅಣ್ಣನ ಮಾತು ತಾವೇ ತೆಗೆದರು. "ಮನೇಲಿ ರೇಡಿಯೋ ಕೆಟ್ರೂ ಮುಟ್ತಿರ್ಲಿಲ್ಲ. ನನ್ ಕೈಗೆ ಗ್ಯಾನ ಇಲ್ಲ ಕಣೆ ಅನ್ನೋರು. ಅವತ್ತೇ ಯಾಕೆ ಇಡೀತು ಅಂತ ಸಾಯೋಗಂಟ ಕೇಳ್ತಾನೆ ಇದ್ರು."

ನಾನು ಹೇಳಿದೆ. ಎಲ್ಲವನ್ನೂ, ಗುಂಡಿ, ಕಂಬಿ, ಹಸಿರು ತಂತಿ, ಬಿಚ್ಚಿದ್ದು, ಚೀಲ ಬಚ್ಚಿಟ್ಟದ್ದು. ಅವರ ಬೆರಳು ಹೂವಿನ ದಾರದಲ್ಲಿ ನಿಂತುಬಿಟ್ಟವು.

"ಅವತ್ತು ನಿಂಗೆ ವಯಸ್ಸೆಷ್ಟು?"

"ಇಪ್ಪತ್ತು, ಅತ್ತಿಗೆ."

"ಇಪ್ಪತ್ತಕ್ಕೆ ಎದರ್ಕೊಂಡೆ, ಆಗ್ಲಿ. ಆಮೇಲಿನ ವರ್ಸಗಳು?"

ಅವರು ನನ್ನನ್ನು ನೋಡಲಿಲ್ಲ, ದಾರಿಯ ಕಡೆ ನೋಡುತ್ತ ಮೆಲ್ಲಗೆ ಅಂದರು. "ನಾನೂ ಬೈತಿದ್ದೆ ಕಣಪ್ಪಾ ಅವರ್ನ. ಒದ್ದೆ ಬಟ್ಟೆ ಇಡ್ಕಂಡು ಸಾಯಾಕೋದೆ, ಮನೆ ಆಳು ಮಾಡ್ದೆ ಅಂತ. ಸಿಟ್ಟು ಬಂದಾಗೆಲ್ಲ ಅದೇ ಮಾತು. ಒಂದ್ ದಿನಾನೂ ಎದುರಾಡ್ಲಿಲ್ಲ. ಊಂ, ನಂದೇ ತಪ್ಪು ಅನ್ನೋರು… ಇದ್ನ ಅವರಿಗೆ ಏಳ್ಬೇಕಿತ್ತು. ನಂಗೆ ಏಳಿದ್ಯಲ್ಲ, ನಾನು ಇದ್ನ ಎಲ್ಲಿ ಮಡಗ್ಲಿ?"

ಯಾರೋ ಬಂದು ತುಳಸಿ ಹಾರ ಕೇಳಿದರು. ಅತ್ತಿಗೆ ಎದ್ದು ಅಳೆದು ಕೊಟ್ಟರು. ಇನ್ನೊಬ್ಬರು ಬಂದರು, ಅವರಿಗೂ ಕೊಟ್ಟರು. ನಾನು ಎದ್ದೆ. "ಬತ್ತೀನಿ ಅತ್ತಿಗೆ" ಎಂದೆ.

ಅವರು ನಾನು ಕೂತಿದ್ದ ಸ್ಟೂಲನ್ನು ಎತ್ತಿ ಒಳಗಿಟ್ಟರು.