ಸೋಮಾರಿ ಮುದ್ರೆ ಅಳಿಸಿದ ಗ್ರೀಕ್ ಪದ

ನಿಗಡಿಯಿಂದ ರಾಂಜಣಗಾಂವದವರೆಗಿನ ಕಾರ್ಖಾನೆಗಳ ಸಮಸ್ತ ಕನ್ನಡ ಪ್ರಭುಗಳ ಪಾದಾರವಿಂದಗಳಿಗೆ ಈ ಗೇರ್ ತಪಾಸಕನ ಸಾಷ್ಟಾಂಗ ನಮಸ್ಕಾರ.

ನನ್ನ ನೌಕರಿ ಕಾಯಂ ಆಗಬೇಕಿದ್ದ ವರದಿಯಲ್ಲಿ ನಮ್ಮ ಗೇರ್ ಶಾಪಿನ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಇಂದು ನನ್ನನ್ನು ಸೋಮಾರಿ ಎಂದು ಇಂಗ್ಲಿಷಿನಲ್ಲಿ ‘ಕ್ಯಾರೆಕ್ಟರೈಜ್’ ಮಾಡಿದ್ದರು.

“ಸಾಹೇಬ್ರ, ಈ ‘ಕ್ಯಾರೆಕ್ಟರ್’ ಅನ್ನೂ ಶಬ್ದ ಗ್ರೀಕರ ಅಚ್ಚೊತ್ತೋ ಉಳಿಯಿಂದ ಹುಟ್ಟೇದರೀ,” ಎಂದೆ. “ಒಬ್ಬರ ಗುಣ ಹೇಳೂದಂದ್ರ ಅಚ್ಚು ಹೊಡದಂಗ. ನಮ್ಮ ಶಾಪಿನ್ಯಾಗ ತಪಾಸಣಿ ಆಗದ ಗೇರಿಗೆ ನಂಬರಿನ ಅಚ್ಚು ಹೊಡೀತೀವೇನ್ರಿ? ನನ್ನ ತಪಾಸಣಿ ಯಾವಾಗ ಮಾಡೀರಿ?”

ಸಾಹೇಬರು ಈ ತಿಂಗಳು ಶಾಪಿನೊಳಗೆ ಕಾಲೇ ಇಟ್ಟಿರಲಿಲ್ಲ.

“ಭಾಳ ಶಾಣ್ಯಾ ಅದಿಯಪಾ,” ಎಂದು ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ನೌಕರಿ ಕಾಯಂ. ಸತ್ಯಕ್ಕೆ ಜಯವಾಯಿತು.

ಸಣ್ಣ ನಿವೇದನೆ: ಪಾಳಿ ಮುಗಿಯಲು ಇನ್ನೂ ಹೊತ್ತಿದೆ. ಇದನ್ನು ಗೇರಿನ ಪೆಟ್ಟಿಗೆಗಳ ಹಿಂದೆ ಮಲಗಿಕೊಂಡು ಬರೆಯುತ್ತಿದ್ದೇನೆ.